ಕಾಲಡಿಯ ಸಾಲು

“ಅವ್ವಾ, ನನಗ ಸರಿಯಾಗಿ ಗೊತ್ತಿಲ್ಲದ್ದನ್ನ ಇನ್ನೊಬ್ಬರಿಗೆ ಹ್ಯಾಂಗ ಕಲಿಸಲಿ?”

ಕೇಳಿದವಳು ಕಸ್ತೂರಿ. ಓದು ಬಾರದ ದೊಡ್ಡ ಹೆಂಗಸರಿಗೆ ಅಕ್ಷರ ಕಲಿಸುತ್ತಿದ್ದ ಯಮನವ್ವನ ಬಳಿ ಎರಡು ವರ್ಷದಿಂದ ಇದ್ದಳು. ಮರುದಿನದಿಂದ ಒಂದು ತರಗತಿಯನ್ನು ಅವಳೇ ನಡೆಸಬೇಕಿತ್ತು. ಯಮನವ್ವ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಕಲಿಸು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಒಂದು ಕತೆ ಹೇಳಿದಳು.

ಒಬ್ಬ ಶಿಕ್ಷಕಿ ಇದ್ದಳು. ಅವಳು ಹಲಗೆಯ ಮೇಲೆ ಬರೆಯುತ್ತಿದ್ದಳು, ಮಕ್ಕಳು ನೋಡಿ ಬರೆಯುತ್ತಿದ್ದರು. ಹಲಗೆಯ ಮೇಲೆ ಇಲ್ಲದ ಮಾತು ಯಾರ ಪುಸ್ತಕಕ್ಕೂ ಬರುತ್ತಿರಲಿಲ್ಲ. ಆದ್ದರಿಂದ ಅವಳ ತರಗತಿಯಲ್ಲಿ ಹತ್ತೊಂಬತ್ತು ವರ್ಷ ಒಂದು ತಪ್ಪೂ ಸಿಕ್ಕಿರಲಿಲ್ಲ.

ಒಂದು ದಿನ ಮೇಲಿನಿಂದ ಆದೇಶ ಬಂತು. ಮೂರನೆಯ ತರಗತಿಯ ಮಕ್ಕಳು ಬಾಹ್ಯಾಕಾಶದ ಮೇಲೆ ಪದ್ಯ ಬರೆಯಬೇಕು, ಸ್ವಂತ ಮಾತಿನಲ್ಲಿ ಬರೆಯಬೇಕು, ಹದಿನೈದನೆಯ ದಿನ ಅಧಿಕಾರಿ ಬಂದು ನೋಡುತ್ತಾರೆ. ಶಿಕ್ಷಕಿ ಪದ್ಯ ಬರೆದವಳಲ್ಲ. ಬಾಹ್ಯಾಕಾಶದ ಬಗ್ಗೆ ಒಂದು ಪುಸ್ತಕ ತರಿಸಿ ಓದಿದಳು. ಓದಿದ್ದನ್ನು ಹಲಗೆಯ ಮೇಲೆ ಬರೆದಳು. ಅಲ್ಲಿ ಗಾಳಿ ಇಲ್ಲ. ಸದ್ದು ಇಲ್ಲ. ಮೇಲೆ ಎಂಬುದಿಲ್ಲ, ಕೆಳಗೆ ಎಂಬುದಿಲ್ಲ. ಇನ್ನು ಪದ್ಯ ಬರೆಯಿರಿ ಎಂದಳು.

ಮಕ್ಕಳು ಅದೇ ನಾಲ್ಕು ಮಾತನ್ನು ಅಂದವಾಗಿ ನಕಲು ಮಾಡಿದರು. ಒಬ್ಬ ಹುಡುಗಿ ಮಾತ್ರ ಸುಮ್ಮನೆ ಕುಳಿತಿದ್ದಳು. ಅವಳು ಶಾಲೆಯ ಅಂಗಳ ಗುಡಿಸುವವಳ ಮಗಳು.

“ಅಕ್ಕೋರೆ, ಅಲ್ಲಿ ಮ್ಯಾಲೆ ಕೆಳಗ ಇಲ್ಲ ಅಂದ್ರಿ,” ಎಂದಳು ಹುಡುಗಿ. “ಹಂಗಾದ್ರ ಮೊದಲನೇ ಸಾಲು ಎಲ್ಲಿ ಬರೀಲಿ?”

ಮಕ್ಕಳು ನಕ್ಕರು. ಶಿಕ್ಷಕಿಗೆ ನಗು ಬರಲಿಲ್ಲ. ಮುಖ್ಯೋಪಾಧ್ಯಾಯರನ್ನು ಕೇಳಿದಳು. ಎಲ್ಲರೂ ಬರೆಯುವ ಕಡೆ ಬರೆಯಲಿ ಎಂದರು ಅವರು. ಮನೆಯಲ್ಲಿ ಹಾಳೆಯನ್ನು ಅಡ್ಡ ಹಿಡಿದಳು, ತಲೆಕೆಳಗು ಹಿಡಿದಳು. ಎಲ್ಲ ಕಡೆಯೂ ಸರಿ ಅನ್ನಿಸಿತು, ಯಾವ ಕಡೆಯೂ ಸರಿ ಅನ್ನಿಸಲಿಲ್ಲ. ಮರುದಿನ ಮಕ್ಕಳ ಮುಂದೆ ನಿಂತು, ನನಗೂ ಗೊತ್ತಿಲ್ಲ ಎಂದಳು.

ಅಕ್ಕೋರಿಗೆ ಗೊತ್ತಿಲ್ಲದ್ದು ಇದೆ ಎಂದು ಮಕ್ಕಳಿಗೆ ಅಂದೇ ತಿಳಿದದ್ದು. ಮೊದಲು ಹೆದರಿದರು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಪುಸ್ತಕ ಸಾಲದು, ಅಂಗಳದಲ್ಲಿ ಬರೆಯೋಣ ಎಂದರು. ಆಗಲಿ ಎಂದಳು ಶಿಕ್ಷಕಿ, ಅದು ಸರಿಯೋ ತಪ್ಪೋ ತಿಳಿಯದೆ.

ಅಧಿಕಾರಿ ಬರುವ ಹಿಂದಿನ ಸಂಜೆ ಕಲ್ಲು ಹಾಸಿದ ಅಂಗಳದ ತುಂಬ ಸೀಮೆಸುಣ್ಣದಲ್ಲಿ ಬರೆದರು. ಒಬ್ಬ ಗಾಳಿ ಇಲ್ಲದ ಕಡೆ ಗಾಳಿಪಟದ ಗತಿ ಏನೆಂದು ಬರೆದ. ಇನ್ನೊಬ್ಬಳು ಅಳುವ ತಮ್ಮನನ್ನು ಅಲ್ಲಿಗೆ ಕಳಿಸಿದರೆ ಮನೆಯವರಿಗೆ ನಿದ್ದೆ ಬಂದೀತು ಎಂದು ಬರೆದಳು. ಸಾಲುಗಳು ಅಡ್ಡ ಹೋದವು, ಸುತ್ತಿಕೊಂಡವು, ಒಂದನ್ನೊಂದು ದಾಟಿದವು. ಗುಡಿಸುವವಳ ಮಗಳು ಎಲ್ಲರಿಗಿಂತ ಕೊನೆಗೆ, ಮೆಟ್ಟಿಲ ಹತ್ತಿರ ಬರೆದಳು. ಇದನ್ನು ಎಲ್ಲಿಂದ ಓದಬೇಕು ಎಂದು ಶಿಕ್ಷಕಿ ಕೇಳಿದಳು. ಯಾರು ಎಲ್ಲಿ ನಿಂತಿರುತ್ತಾರೋ ಅಲ್ಲಿಂದ ಎಂದಳು ಹುಡುಗಿ.

ಬೆಳಿಗ್ಗೆ ಗುಡಿಸುವವಳು ಬಂದಳು. ಅಧಿಕಾರಿ ಬರುವ ದಿನ ಅಂಗಳ ಕನ್ನಡಿಯ ಹಾಗೆ ಇರಬೇಕು ಎಂದು ಮುಖ್ಯೋಪಾಧ್ಯಾಯರು ಹೇಳಿದ್ದರು. ಅವಳಿಗೆ ಓದು ಬಾರದು. ಮಕ್ಕಳು ಗೀಚಿ ಹೊಲಸು ಮಾಡಿವೆ ಎಂದು ಬೈದುಕೊಂಡಳು. ನೀರು ಸುರಿದು ಕಸಬರಿಗೆಯಿಂದ ತಿಕ್ಕುತ್ತ ಹಿಂದೆ ಹಿಂದೆ ಸರಿದಳು. ತೊಳೆದ ಕಲ್ಲನ್ನು ತುಳಿಯಬಾರದು ಎಂಬುದು ಅವಳ ಪದ್ಧತಿ. ಮೆಟ್ಟಿಲಿಗೆ ಹಿಮ್ಮಡಿ ತಾಗುವ ಹೊತ್ತಿಗೆ ಮಗಳು ಓಡಿ ಬಂದಳು. ಅವ್ವಾ, ಕಾಲು ಎತ್ತಬೇಡ ಎಂದಳು. ಇಡೀ ಅಂಗಳದಲ್ಲಿ ಉಳಿದದ್ದು ತಾಯಿಯ ಕಾಲ ಕೆಳಗಿನ ಒಂದು ಸಾಲು.

ಅವಳು ಎತ್ತಲಿಲ್ಲ. ಯಾಕೆ ಎಂದು ಅವಳಿಗೂ ತಿಳಿದಿರಲಿಲ್ಲ. ಅಧಿಕಾರಿ ಬಂದರು. ದಾರಿ ಬಿಡು ಎಂದರು. ಅವಳು ಕದಲಲಿಲ್ಲ. ಅವರು ಬಳಸಿಕೊಂಡು ಹೋಗಿ, ಪದ್ಯ ಎಲ್ಲಿ ಎಂದರು. ತೊಳೆದುಹೋಯಿತು ಎಂದಳು ಶಿಕ್ಷಕಿ. ಯಾರು ತೊಳೆದರು ಎಂದು ಹೇಳಲಿಲ್ಲ. ಮೂರನೆಯ ತರಗತಿ ಏನೂ ಬರೆದಿಲ್ಲ ಎಂದು ಬರೆದುಕೊಂಡು ಅವರು ಹೊರಟರು. ಹತ್ತೊಂಬತ್ತು ವರ್ಷದ ಹೆಸರು ಒಂದು ಬೆಳಗಿನಲ್ಲಿ ಹೋಯಿತು.

ಅಧಿಕಾರಿಯ ಜೀಪು ಹೋದ ಮೇಲೆ ಗುಡಿಸುವವಳು ಪಕ್ಕಕ್ಕೆ ಸರಿದಳು. ಮಕ್ಕಳು ಸುತ್ತ ನಿಂತು, ತುಟಿ ಆಡಿಸುತ್ತ ಓದಿಕೊಂಡರು. ಯಾರೂ ನಗಲಿಲ್ಲ. ಎಲ್ಲರೂ ಅವಳ ಮುಖ ನೋಡಿದರು. ಶಿಕ್ಷಕಿ ಆ ಸಾಲನ್ನು ಅವಳಿಗೆ ಓದಿ ಹೇಳಲು ಬಗ್ಗಿದಳು.

“ಓದಬ್ಯಾಡ್ರಿ ಅಕ್ಕೋರೆ,” ಎಂದಳು ಗುಡಿಸುವವಳು. “ಉಳಿದದ್ದೆಲ್ಲ ನಾನ ಅಳಿಸೀನಿ. ಇದನ್ನರೆ ನಾನ ಓದತೀನಿ. ಕಲಿಸ್ರಿ.”

“ದೊಡ್ಡವರಿಗೆ ಹ್ಯಾಂಗ ಕಲಿಸೋದು, ನನಗ ಗೊತ್ತಿಲ್ಲ.”

“ಹುಡುಗರ ಮುಂದನೂ ಹಂಗ ಅಂದಿದ್ರಂತಲ್ಲ. ಕಲಿಸಿಲ್ಲೇನು?”

ಮಗಳು ಆ ಸಾಲನ್ನು ಇದ್ದ ಹಾಗೆಯೇ ಒಂದು ಹಾಳೆಗೆ ಇಳಿಸಿಕೊಟ್ಟಳು. ನೀನೂ ಓದಿ ಹೇಳಬೇಡ ಎಂದು ತಾಯಿ ಕಟ್ಟಪ್ಪಣೆ ಮಾಡಿದಳು. ಶಾಲೆ ಬಿಟ್ಟ ಮೇಲೆ ದಿನಾ ಅರ್ಧ ಗಂಟೆ ಪಾಠ. ಶಿಕ್ಷಕಿ ಅ ಆ ಎಂದು ಶುರು ಮಾಡಿದಳು. ನಾನು ನಿಂತಲ್ಲಿಂದ ಶುರು ಮಾಡಿ ಎಂದು ಅವಳು ಹಠ ಹಿಡಿದಳು. ಸಾಲಿನ ಮೊದಲ ಅಕ್ಷರಕ್ಕೇ ಒತ್ತು ಇತ್ತು. ಅಲ್ಲಿಂದ ಕಲಿಸುವ ದಾರಿ ಯಾವ ಪುಸ್ತಕದಲ್ಲೂ ಇರಲಿಲ್ಲ. ಕಲಿಸುವವಳೂ ತಡವರಿಸಿದಳು, ಕಲಿಯುವವಳೂ ತಡವರಿಸಿದಳು.

ಇಷ್ಟು ಹೇಳಿ ಯಮನವ್ವ ಕನ್ನಡಕ ಹಾಕಿಕೊಂಡಳು.

ಕಸ್ತೂರಿಗೆ ಏನು ಹಿಡಿಯಬೇಕು, ಏನು ಬಿಡಬೇಕು ತಿಳಿಯಲಿಲ್ಲ. ಶಿಕ್ಷಕಿ ಗೆದ್ದಳೋ ಸೋತಳೋ? ತೊಳೆದವಳದು ತಪ್ಪೋ ಅಲ್ಲವೋ? ಯಾವುದನ್ನೂ ಕೇಳಲಾರದೆ ಒಂದನ್ನೇ ಕೇಳಿದಳು.

“ಆ ಸಾಲಿನ್ಯಾಗ ಏನಿತ್ತವ್ವಾ?”

“ಅದನ್ನ ಓದಾಕ ನನಗ ಮೂರು ವರ್ಷ ಹಿಡೀತು ಕಸ್ತೂರಿ, ನಿನಗ ಒಂದು ಮಾತಿನ್ಯಾಗ ಹ್ಯಾಂಗ ಕೊಡಲಿ?”