ಹದಿನಾರು ಕಿವಿಯ ಪೆಟ್ಟಿಗೆ

"ಕೇಳ್ರಪ್ಪೋ ಕೇಳಿ! ಗುಂಡುಗಲ್ಲಿನ ಪಟ್ಟಣದ ಮಹಾಜನರೇ ಕೇಳಿ! ಕಾಲವಾದ ರಾಣಿಯವರ ಹಳೆಯ ಸಿಂಥಸೈಜರ್ ಯಾರ ಕೈಗೂ ಬಗ್ಗುತ್ತಿಲ್ಲ! ರಾಜಕುಮಾರಿ ಕೇತಲದೇವಿಯವರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿ ರಾಣಿಯವರ ದನಿಯನ್ನು ಕೇಳಿಸಿದವರು ಬೇಡಿದ್ದನ್ನು ಪಡೆಯಬಹುದು. ತಪ್ಪಿದವರ ತಲೆ ಹುಣ್ಣಿಮೆಯ ಸಂಜೆ ಉರುಳುತ್ತದೆ!"

ಹೀಗೆ ಡಂಗುರ ಸಾರಿದರು. ಆ ಪಟ್ಟಣದಲ್ಲಿ ಕರೆಂಟೂ ಇತ್ತು, ಕೊರಳು ಕಡಿಯುವ ಕತ್ತಿಯೂ ಇತ್ತು. ಎರಡೂ ಒಟ್ಟಿಗೆ ಹೇಗೆ ಎಂದು ನನ್ನನ್ನು ಕೇಳಬೇಡಿ. ನಾನು ಕತೆ ಹೇಳುವವನು, ಇತಿಹಾಸದ ಮೇಷ್ಟ್ರಲ್ಲ.

ಸಿಂಥಸೈಜರ್ ಎಂದರೆ ಹಾರ್ಮೋನಿಯಂನ ಹಾಗೆ ಕರಿ-ಬಿಳಿ ಕೀಗಳಿರುವ ಕರೆಂಟಿನ ವಾದ್ಯ. ಅದರ ದನಿಯನ್ನು ಮೆದುವಾಗಿಯೋ ಗಡುಸಾಗಿಯೋ ನಾವೇ ಕಟ್ಟಿಕೊಳ್ಳಬಹುದು. ಆದರೆ ಈ ಹಳೆಯ ವಾದ್ಯದ ಮೈಮೇಲೆ ತಿರುಗಿಸಲು ಒಂದು ಗುಂಡಿಯೂ ಇರಲಿಲ್ಲ. ಎಲ್ಲವೂ ಒಳಗೆ ಅಂಕಿಗಳಾಗಿ ಅಡಗಿ ಕೂತಿತ್ತು. ಅದಕ್ಕೇ ರಾಜಕುಮಾರಿ ಹದಿನಾರು ಗುಂಡಿಗಳ ಒಂದು ಕಂಟ್ರೋಲರ್ ತರಿಸಿ, ಇಂಥ ಯಂತ್ರಗಳನ್ನು ಒಂದಕ್ಕೊಂದು ಬೆಸೆಯುವ ಮಿಡಿ ಎಂಬ ತಂತಿಯಿಂದ ವಾದ್ಯಕ್ಕೆ ಜೋಡಿಸಿದ್ದಳು. ರಾಣಿ ಮಗಳಿಗೆಂದು ಕಟ್ಟಿದ ಒಂದು ದನಿ ವಾದ್ಯದೊಳಗೆ ಉಳಿದಿತ್ತು. ರಾಣಿ ಪಳಗಿದ ಕೈಯಿಂದ ಒಳಗಿನ ಅಂಕಿ ಏರಿಸುತ್ತಾ ನುಡಿಸಿದರೆ ಅದು ಮೊಗ್ಗು ಬಿರಿದ ಹಾಗೆ ನಿಧಾನವಾಗಿ ತೆರೆದುಕೊಳ್ಳುತ್ತಿತ್ತು. ಮಗಳ ಕೈಗೆ ಅದು ಸಿಗಲೇ ಇಲ್ಲ.

ಮೂವರು ಅರಮನೆಗೆ ಹೋದರು, ಮೂವರೂ ಕತ್ತಲೆ ಕೋಣೆ ಸೇರಿದರು. ಮೂರನೆಯವನು ಊರಿಗೆ ಬಂದಿದ್ದ ನಾಟಕ ಕಂಪನಿಯ ಹಾರ್ಮೋನಿಯಂ ಮಾಸ್ತರ ದುರುಗಪ್ಪ. ಅವನ ತಮ್ಮ ಹುಲುಗಪ್ಪ ಅದೇ ಕಂಪನಿಯಲ್ಲಿ ಲೈಟು ನೋಡಿಕೊಳ್ಳುವವನು. ಪರದೆಯ ಮರೆಯಲ್ಲಿ ಕೂತು ದೀಪ ಏರಿಸಿ ಇಳಿಸುವ ಅವನ ಮುಖವನ್ನು ಕಂಡ ಪ್ರೇಕ್ಷಕ ಒಬ್ಬನೂ ಇಲ್ಲ. ಹುಣ್ಣಿಮೆಯ ಬೆಳಿಗ್ಗೆ ಅವನು ಅಂಗಿ ಒಗೆದು ತೊಟ್ಟು ಅರಮನೆಗೆ ಹೊರಟ. ಸಂಜೆಯೊಳಗೆ ಅಣ್ಣನನ್ನು ಬಿಡಿಸಬೇಕು, ಇಲ್ಲವೇ ಅವನ ಪಕ್ಕದಲ್ಲೇ ಕೊರಳೊಡ್ಡಬೇಕು.

"ನಿಮ್ಮಣ್ಣನಷ್ಟು ಸಂಗೀತ ಬರುತ್ತದೇನಪ್ಪಾ?" ಎಂದಳು ರಾಜಕುಮಾರಿ.

"ಒಂದು ಸ್ವರವೂ ಬರೋದಿಲ್ಲ ತಾಯೀ."

"ಧೈರ್ಯ ಮೆಚ್ಚಬೇಕು. ಮೊದಲನೆಯದು ಕೇಳು. ಒಬ್ಬಳಿಗೆ ಹದಿನಾರು ಕಿವಿ, ಬಾಯಿಲ್ಲ. ಅವಳ ಕಿವಿ ಹಿಂಡಿದರೆ ಪಕ್ಕದವಳ ದನಿ ಬದಲಾಗುತ್ತದೆ. ನಿನ್ನೆ ಹಿಂಡಿದಾಗ ದನಿ ಮಬ್ಬಾಯಿತು. ಇವತ್ತು ಅದೇ ಕಿವಿ ಹಿಂಡಿದರೆ ದನಿ ನಡುಗುತ್ತದೆ. ಯಾರವಳು? ಪಕ್ಕದ ರಾಜ್ಯದ ಯುವರಾಜ ಇದಕ್ಕೆ 'ಸವತಿ' ಎಂದ."

ಹುಲುಗಪ್ಪನಿಗೆ ನಗು ಬಂತು, ಹೇಗೋ ತಡೆದುಕೊಂಡ. "ನಿಮ್ಮ ಮುಂದಿರೋ ಕಂಟ್ರೋಲರ್ ಪೆಟ್ಟಿಗೆ ತಾಯೀ. ನನ್ನ ಲೈಟಿನ ಬೋರ್ಡೂ ಅಂಥದ್ದೇ. ತಾನು ಉರಿಯೋದಿಲ್ಲ, ದೂರದ ದೀಪ ಉರಿಸ್ತದೆ. ಬೋರ್ಡಿನ ಯಾವ ಹಿಡಿಗೆ ಯಾವ ದೀಪ ಅಂತ ಗೊತ್ತು ಮಾಡೋರು ನಾವು. ನಿಮ್ಮ ಗುಂಡಿಗೂ ನಿನ್ನೆ ಒಂದು ಕೆಲಸ ಕಲಿಸಿದ್ರಿ, ಇವತ್ತು ಇನ್ನೊಂದು."

ರಾಜಕುಮಾರಿ ಕುರ್ಚಿಯ ತುದಿಗೆ ಸರಿದು ಕೂತಳು. "ಎರಡನೆಯದು. ಇಬ್ಬರ ಮನೆ ನಡುವೆ ಒಂದೇ ದಾರಿ. ದಾರಿಗೆ ಕಿವಿಗೊಟ್ಟರೆ ಏನೂ ಕೇಳದು. ದಾರಿ ಕಡಿದರೆ ಇವಳು ಎಷ್ಟು ಕಿವಿ ಹಿಂಡಿಸಿಕೊಂಡರೂ ಅವಳ ದನಿ ಬದಲಾಗದು. ದಾರಿಯಲ್ಲಿ ಹೋಗುವುದೇನು? ಆಸ್ಥಾನ ಪಂಡಿತರು 'ಸೂಕ್ಷ್ಮನಾದ' ಎಂದು ಮೂರು ಗಂಟೆ ಕೊರೆದರು."

"ದಾರಿ ಅಂದ್ರೆ ಈ ತಂತಿ ತಾಯೀ. ಅದರಲ್ಲಿ ಹೋಗೋದು ನಾದ ಅಲ್ಲ, ಬರೀ ಅಪ್ಪಣೆ! ಇಂಥ ಗುಣವನ್ನ ಇಷ್ಟು ಅಂಕಿಗೆ ತಗೋ, ಅಂತ. ನುಡಿಯೋದೆಲ್ಲ ವಾದ್ಯದ ಹೊಟ್ಟೆಯೊಳಗೇ."

"ಸರಿ," ಎಂದಳು. ಅವಳ ದನಿ ಇಳಿಯಿತು. "ಮೂರನೆಯದು ನನಗೂ ಗೊತ್ತಿಲ್ಲ. ಅಮ್ಮನ ದನಿ ಚೆನ್ನಾಗಿಯೇ ನುಡಿಯುತ್ತಿರುತ್ತದೆ. ಅದನ್ನು ತೆರೆಯೋಣವೆಂದು ಗುಂಡಿಯನ್ನು ಎಳ್ಳಷ್ಟು ತಿರುಗಿಸುತ್ತೇನೆ, ದನಿ ಬೆಚ್ಚಿಬಿದ್ದು ಎಲ್ಲಿಗೋ ಹಾರಿಬಿಡುತ್ತದೆ. ಗುಂಡಿ ನೆಟ್ಟಗಿದೆ, ತಂತಿ ನೆಟ್ಟಗಿದೆ. ನಿಮ್ಮಣ್ಣ 'ವಾದ್ಯಕ್ಕೆ ಮುಪ್ಪು ಬಂದಿದೆ' ಎಂದ. ಹೊಚ್ಚ ಹೊಸ ವಾದ್ಯ ತರಿಸಿ ಜೋಡಿಸಿದೆ, ಅದರ ದನಿಯೂ ಹಾರಿತು. ತಪ್ಪು ಯಾರದು?"

ಹುಲುಗಪ್ಪ ವಾದ್ಯದ ಕಡೆ ಬಗ್ಗಿದ. ಅಣ್ಣ ಸೋತದ್ದು ಇಲ್ಲೇ. ವಾದ್ಯದ ಪುಟ್ಟ ಪರದೆಯ ಮೇಲೆ ನಲವತ್ತೆರಡು ಎಂದಿತ್ತು. ಕಂಟ್ರೋಲರಿನ ಪರದೆಯ ಮೇಲೆ ನೂರಾಹತ್ತು. ಅವನು ಎರಡನ್ನೂ ಮತ್ತೆ ಮತ್ತೆ ನೋಡಿದ. ಅಯ್ಯೋ ಶಿವನೇ, ಇಷ್ಟೇನಾ!

"ಯಾರ ತಪ್ಪೂ ಅಲ್ಲ ತಾಯೀ. ವಾದ್ಯ ನಲವತ್ತೆರಡರಲ್ಲಿ ನಿಂತಿದೆ, ಗುಂಡಿ ನೂರಾಹತ್ತರಲ್ಲಿ. ಒಬ್ಬರು ಎಲ್ಲಿದ್ದಾರೆ ಅಂತ ಇನ್ನೊಬ್ಬರಿಗೆ ಗೊತ್ತಿಲ್ಲ. ಗುಂಡಿ ಅಲುಗಿದ ಕೂಡಲೇ ವಾದ್ಯಾನ ತಾನಿದ್ದಲ್ಲಿಗೇ ಎಳೀತದೆ. ಆಟದ ನಡುವೆ ಲೈಟಿನ ಬೋರ್ಡು ಬದಲಾಯಿಸೋವಾಗ, ದೀಪ ಎಷ್ಟು ಉರೀತಿದೆಯೋ ಅಷ್ಟಕ್ಕೇ ಹೊಸ ಹಿಡೀನ ತಂದು ಆಮೇಲೆ ಜೋಡಿಸ್ತೀವಿ. ಇಲ್ಲದಿದ್ರೆ ದೀಪ ಭಗ್ ಅಂತದೆ, ಸತ್ತು ಬಿದ್ದ ರಾಜ ಕಣ್ಣು ಪಿಳುಕಿಸ್ತಾನೆ."

ಅವನು ತಂತಿ ಕಿತ್ತ. ಗುಂಡಿಯನ್ನು ಮೆಲ್ಲಗೆ ನಲವತ್ತೆರಡಕ್ಕೆ ತಂದ. ತಂತಿಯನ್ನು ಮತ್ತೆ ಸಿಕ್ಕಿಸಿ, "ನುಡಿಸಿ ತಾಯೀ, ಗುಂಡೀನ ನೀವೇ ತಿರುಗಿಸಿ," ಎಂದ.

ಅವಳು ಎಡಗೈಯಿಂದ ಕೀ ಒತ್ತಿ, ಬಲಗೈಯಿಂದ ಗುಂಡಿ ಹಿಡಿದಳು. ನಲವತ್ತಮೂರು, ನಲವತ್ತನಾಲ್ಕು... ದನಿ ಹಾರಲಿಲ್ಲ. ಮುಚ್ಚಿದ ಕೋಣೆಯ ಕಿಟಕಿಯನ್ನು ಯಾರೋ ಮೆಲ್ಲಗೆ ತೆಗೆದಂತೆ ಅದು ತೆರೆದುಕೊಳ್ಳುತ್ತಾ ಹೋಯಿತು. ಕೇತಲದೇವಿ ಆಸ್ಥಾನದವರೆಲ್ಲರ ಎದುರೇ ಗಳಗಳ ಅತ್ತುಬಿಟ್ಟಳು.

"ಬೇಡಿಕೋ," ಎಂದಳು ಕೊನೆಗೆ.

"ನಮ್ಮಣ್ಣನ್ನ ಬಿಡಿ."

"ಬಿಟ್ಟೆ. ಅಷ್ಟೇನಾ?"

ಹುಲುಗಪ್ಪ ತಲೆ ಕೆರೆದುಕೊಂಡ. "ಮೂರನೆಯದು ನಿಮಗೂ ಗೊತ್ತಿರಲಿಲ್ಲ ಅಂದ್ರಿ. ಉಳಿದಿಬ್ಬರನ್ನೂ ಬಿಟ್ಟುಬಿಡಿ ತಾಯೀ."

ಅವಳ ಮುಖ ಕೆಂಪಾಯಿತು. ಅವಳು ತನ್ನ ಚಿನ್ನದ ಕಡಗ ಕಳಚಿ ಅವನ ಕೈಗೆ ತೊಡಿಸಿ, ಕಾವಲಿನವನ ಕಡೆ ತಿರುಗಿ, "ಮೂವರನ್ನೂ ಕರೆದು ತಾ," ಎಂದಳು.

ದುರುಗಪ್ಪ ಹೊರಗೆ ಬಂದವನೇ ತಮ್ಮನ ಕೆನ್ನೆಗೆ ಫಟೀರೆಂದು ಬಾರಿಸಿದ. "ನಿನಗೇನಾದ್ರೂ ಆಗಿದ್ರೆ ಅವ್ವಗೆ ಏನು ಹೇಳ್ತಿದ್ದೆನೋ, ಹುಚ್ಚಪ್ಪಾ!" ಎಂದು ಬೈದು, ಬಾಚಿ ತಬ್ಬಿಕೊಂಡು ಅತ್ತ. ಹುಲುಗಪ್ಪ ಕೆನ್ನೆ ಸವರಿಕೊಳ್ಳುತ್ತಾ ತಾನೂ ಅತ್ತ.

ಅಲ್ಲಿಂದಾಚೆ ಗುಂಡುಗಲ್ಲಿನ ಪಟ್ಟಣದಲ್ಲಿ ಒಗಟಿಗೆ ಯಾರೂ ತಲೆ ಕೇಳಲಿಲ್ಲ. ಉತ್ತರ ಗೊತ್ತಿಲ್ಲದವರು ಗೊತ್ತಿಲ್ಲ ಎಂದು ಹೇಳಿ, ಅರಮನೆಯಲ್ಲಿ ಹೊಟ್ಟೆ ತುಂಬ ಉಂಡು ಮನೆಗೆ ಹೋಗುತ್ತಿದ್ದರು.