ರಕ್ಕಸನ ಎರಡನೆಯ ಸೀಸನ್

ಟಿವಿಯಲ್ಲಿ ಬರುತ್ತಿದ್ದ ಮಾಯಾಲೋಕದ ಧಾರಾವಾಹಿಯೊಂದರ ಮೊದಲ ಸೀಸನ್ ರಕ್ಕಸನ ಸಾವಿನೊಂದಿಗೆ ಮುಗಿದಿತ್ತು. ಎರಡನೆಯ ಸೀಸನ್ನಿಗೆ ಲೇಖನಿ ಅವನನ್ನು ಮತ್ತೆ ಬದುಕಿಸಿತು. ಸ್ಟುಡಿಯೋದಲ್ಲಿದ್ದ ನಾಯಕನ ಖಡ್ಗ ಕೆರಳಿತು.

“ಅವನನ್ನು ಕೊಲ್ಲಲು ಹೋಗಿ ರಾಣಿ ಹೆತ್ತ ಮಗಳನ್ನೇ ಕಳೆದುಕೊಂಡಳು. ಮನೆಮನೆಯಲ್ಲೂ ಜನ ಅತ್ತರು. ಅದೆಲ್ಲ ಸುಳ್ಳೇ?”

“ರಕ್ಕಸ ಬೇಕೆಂದು ಜನರೇ ಕೇಳುತ್ತಿದ್ದಾರೆ,” ಎಂದಿತು ಲೇಖನಿ.

ಗೋಡೆಯ ಮೇಲಿದ್ದ ರಕ್ಕಸನ ಮುಖವಾಡ ಬಾಯಿ ತೆರೆಯಿತು. “ನನ್ನನ್ನು ಯಾರೂ ಕೇಳಲಿಲ್ಲವಲ್ಲ. ನನಗೆ ಸಿಕ್ಕಿದ್ದು ಒಳ್ಳೆಯ ಸಾವು. ಅದನ್ನು ಕಿತ್ತುಕೊಳ್ಳಬೇಡ.”

ಲೇಖನಿ ಬರೆಯುತ್ತಲೇ ಇತ್ತು. ಮುಖವಾಡ ಸಿಟ್ಟಿನಿಂದ ಮೊಳೆ ಕಳಚಿಕೊಂಡು ನೆಲಕ್ಕೆ ಬಿದ್ದು ಎರಡು ಹೋಳಾಯಿತು.

ಲೇಖನಿ ಅರೆಗಳಿಗೆ ಯೋಚಿಸಿ, ಹಳೆಯ ಸಾಲನ್ನು ಹೊಡೆದುಹಾಕಿ ಹೊಸದನ್ನು ಬರೆಯಿತು: “ರಕ್ಕಸನಿಗೆ ಒಬ್ಬ ಅವಳಿ ತಮ್ಮನಿದ್ದ.”