ಬೆನ್ನಿಗೆ ಯಾವುದನ್ನು ಕಟ್ಟಲಿ?

ನವೆಂಬರ್ ಹದಿನೆಂಟು, ಮಂಗಳವಾರ. ಬೆಳಿಗ್ಗೆಯಿಂದ ಬಿಸಿಲು. ಗಾಳಿ ಇರಲಿಲ್ಲ, ಸಮುದ್ರ ತಿಳಿಯಾಗಿತ್ತು.

"ಮಾಸ್ತರೇ, ಎರಡರಲ್ಲಿ ಯಾವುದು?" ಎಂದು ನಾಗವೇಣಿ ಕೇಳಿದಳು.

ಮುರುಡೇಶ್ವರದ ಶನಿಯಾರ ಮೊಗೇರರ ಬಳಿ ಅವಳು ಎರಡು ವರ್ಷದಿಂದ ಸ್ಕೂಬಾ, ಅಂದರೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ನೀರಿನಡಿ ಈಜುವುದನ್ನು, ಕಲಿಯುತ್ತಿದ್ದಳು. ಸ್ವಂತಕ್ಕೆಂದು ಸಲಕರಣೆ ಕೊಳ್ಳುತ್ತಿರುವುದು ಇದೇ ಮೊದಲು. ಅಂಗಡಿಯವನು ಎರಡು ಬಗೆಯದನ್ನೂ ನೋಡಲು ಕೊಟ್ಟಿದ್ದ. ಒಂದನ್ನು ಸಂಜೆಯೊಳಗೆ ಹಿಂದಿರುಗಿಸಬೇಕಿತ್ತು. ಚಾಪೆಯ ಮೇಲೆ ಒಂದು ಕಡೆ ಜಾಕೆಟ್ಟು: ಎದೆ, ಪಕ್ಕೆ, ಬೆನ್ನನ್ನು ಸುತ್ತಿಕೊಂಡು ಗಾಳಿ ತುಂಬಿಕೊಳ್ಳುವಂಥದು. ಇನ್ನೊಂದು ಕಡೆ ಉಕ್ಕಿನ ಹಲಗೆ, ಅದಕ್ಕೆ ಉದ್ದನೆಯ ಒಂದೇ ಪಟ್ಟಿ, ಹಿಂದುಗಡೆ ವಿಂಗ್ ಎಂಬ ಗಾಳಿಚೀಲ. ಕೆಲಸ ಎರಡರದೂ ಒಂದೇ. ಗಾಳಿ ತುಂಬಿದರೆ ಮೇಲೆತ್ತುತ್ತವೆ, ಬಿಟ್ಟರೆ ಇಳಿಸುತ್ತವೆ.

ನಾಗವೇಣಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. "ಜಾಕೆಟ್ಟಾದರೆ ಮೇಲೆ ಬಂದಾಗ ಕುರ್ಚಿಯಲ್ಲಿ ಕೂತ ಹಾಗೆ ತೇಲಬಹುದು. ವಿಂಗಾದರೆ ನೀರಿನಡಿಯಲ್ಲಿ ಚಪ್ಪಟೆ ತೊರಕೆ ಮೀನಿನ ಹಾಗೆ ಚಾಚಿಕೊಂಡು ಹೋಗಬಹುದು. ಒಮ್ಮೆ ಇದೇ ಸರಿ ಅನಿಸುತ್ತದೆ, ಒಮ್ಮೆ ಅದೇ ಸರಿ. ಬೇಗ ಹೇಳಿ ಮಾಸ್ತರೇ."

"ಅದನ್ನು ಕೆಳಗಿಡು ತಂಗಿ. ಒಂದು ಕತೆ ಕೇಳು."

"ಕತೆಯೇ? ಅಷ್ಟರಲ್ಲಿ ಅಂಗಡಿ ಮುಚ್ಚಿದರೆ?"

"ಚಿಕ್ಕ ಕತೆ," ಎಂದು ಮಾಸ್ತರರು ಹೇಳತೊಡಗಿದರು.

ಒಬ್ಬ ಮುಳುಗುಗಾರನಿದ್ದ. ಒಂದು ಬೋಟಿನಲ್ಲಿ ಸಿಲಿಂಡರುಗಳಿಗೆ ಗಾಳಿ ತುಂಬುವುದು ಅವನ ಕೆಲಸ. ಪ್ರವಾಸಿಗಳನ್ನು ನೀರಿನಡಿಗೆ ಕರೆದೊಯ್ಯುವ ಗೈಡ್ ಆಗಬೇಕೆಂಬುದು ಅವನ ಆಸೆ. ಅದಕ್ಕೆ ಬೋಟಿನ ಮಾಲೀಕ ಒಂದು ಪರೀಕ್ಷೆ ಇಟ್ಟಿದ್ದ. ಲಂಗರಿನ ಹಗ್ಗಕ್ಕೆ ಐದು ಮೀಟರ್ ಆಳದಲ್ಲಿ ಒಂದು ಕೆಂಪು ಬಟ್ಟೆ ಕಟ್ಟಿರುತ್ತಿತ್ತು. ಹಗ್ಗ ಮುಟ್ಟದೆ, ಕೈಕಾಲು ಬಡಿಯದೆ, ಆ ಬಟ್ಟೆಯ ಎದುರು ಮೂರು ನಿಮಿಷ ನಿಲ್ಲಬೇಕು. ತಾನೇ ನಿಲ್ಲಲಾರದವನು ಹೆದರಿದವರನ್ನು ಹೇಗೆ ನಿಲ್ಲಿಸಿಯಾನು ಎಂದು ಮಾಲೀಕ ಕೇಳುತ್ತಿದ್ದ. ಮೂರು ಸಲ ಅವಕಾಶ. ಮೂರರಲ್ಲೂ ಸೋತವನಿಗೆ ಮತ್ತೆ ಸಿಲಿಂಡರೇ.

ಈ ಮುಳುಗುಗಾರ ಮೊದಲ ಸಲ ನೀರಿಗಿಳಿದ ದಿನ ಮುಳುಗಿರಲಿಲ್ಲ. ಹೆದರಿ ಎದೆ ತುಂಬ ಉಸಿರು ಹಿಡಿದಿದ್ದ, ತೇಲುತ್ತಲೇ ಉಳಿದಿದ್ದ. "ನಮ್ಮ ಬಲೆಗೆ ಒಂದು ಬೆಂಡು ಕಡಿಮೆ ಇತ್ತು, ಸಿಕ್ಕಿತು ಬಿಡಿ" ಎಂದು ಬೋಟಿನವರು ನಕ್ಕಿದ್ದರು. ಅಂದಿನಿಂದ ಅವನು ಸೊಂಟದ ಪಟ್ಟಿಗೆ ಸೀಸದ ಗಟ್ಟಿಗಳನ್ನು ಏರಿಸುತ್ತ ಹೋದ. ಅಲೆ ಕಂಡ ದಿನ ಒಂದು. ಹೊಸ ಜಾಗವೆಂದರೆ ಒಂದು. ಹೀಗೆ ಹತ್ತಾದವು, ಒಂದೊಂದೂ ಒಂದು ಕಿಲೋ. ಆಮೇಲೆ ಅವನು ಮುಳುಗದ ದಿನವಿರಲಿಲ್ಲ. ಯಾರೂ ನಗಲೂ ಇಲ್ಲ.

ಮೊದಲ ಪರೀಕ್ಷೆಗೆ ಅವನು ಜಾಕೆಟ್ಟು ತೊಟ್ಟು ಇಳಿದ. ಸೀಸ ಕೆಳಗೆಳೆಯಿತು. ಜಾಕೆಟ್ಟಿಗೆ ಗಾಳಿ ತುಂಬಿದ. ಮೇಲೇರಿದ ಹಾಗೆ ಗಾಳಿ ಹಿಗ್ಗಿತು, ನೀರಿನ ಮೇಲಕ್ಕೇ ಚಿಮ್ಮಿದ. ಗಾಳಿ ಬಿಟ್ಟ. ಕೆಂಪು ಬಟ್ಟೆಯನ್ನು ದಾಟಿ ಕೆಳಗೆ ಹೋದ.

"ನಿಲ್ಲು ಅಂದರೆ ಬಾವಿಯ ಕೊಡದ ಹಾಗೆ ಹತ್ತಿ ಇಳಿಯುತ್ತೀಯಲ್ಲೋ!" ಎಂದ ಮಾಲೀಕ.

ತಪ್ಪು ಜಾಕೆಟ್ಟಿನದು ಎಂದು ಮುಳುಗುಗಾರನಿಗೆ ತೋರಿತು. ಬಂದರಿನಲ್ಲಿ ಹಳೆಯ ಸಲಕರಣೆ ಮಾರುವ ಒಬ್ಬ ವ್ಯಾಪಾರಿಯಿದ್ದ. ಅವನಿಗೆ ಜಾಕೆಟ್ಟು ಕೊಟ್ಟು, ಮೇಲೆ ಹಣವನ್ನೂ ಕೊಟ್ಟು, ಉಕ್ಕಿನ ಹಲಗೆ ಮತ್ತು ವಿಂಗ್ ತಂದ. ಅವನ ಸಂಭ್ರಮ ಹೇಳತೀರದು. ಪಟ್ಟಿಯನ್ನು ಬೆರಳಿನಷ್ಟು ಎಳೆದು, ಬೆರಳಿನಷ್ಟು ಸಡಿಲಿಸಿ, ಎರಡು ದಿನ ಮೈಗೆ ಹೊಂದಿಸಿದ. ಕಟ್ಟಿಕೊಂಡೇ ಊಟಕ್ಕೆ ಕೂತ. "ಅದಕ್ಕೂ ಒಂದು ತಟ್ಟೆ ಇಡಲೇ?" ಎಂದಳು ಹೆಂಡತಿ.

ಎರಡನೆಯ ಪರೀಕ್ಷೆಯಲ್ಲಿ ಅವನು ಮೊದಲಿಗಿಂತ ಬೇಗ ಕೆಳಗೆ ಹೋದ. ಗಾಳಿಯನ್ನು ಮೊದಲಿಗಿಂತ ಹೆಚ್ಚು ತುಂಬಬೇಕಾಯಿತು. ಬೆನ್ನು ಮೇಲಕ್ಕೆ ಎಳೆಯಿತು, ಸೊಂಟ ಕೆಳಕ್ಕೆ ಎಳೆಯಿತು. ಒಂದು ನಿಮಿಷ ಮುಗಿಯುವುದರೊಳಗೆ ಹಗ್ಗವನ್ನು ಎರಡು ಕೈಯಲ್ಲೂ ತಬ್ಬಿಕೊಂಡಿದ್ದ.

ಇನ್ನು ಉಳಿದದ್ದು ಒಂದು ಅವಕಾಶ. ಮುಳುಗುಗಾರ ವ್ಯಾಪಾರಿಯ ಬಳಿಗೆ ಓಡಿದ. "ಇದು ನನಗೆ ಆಗುವುದಿಲ್ಲ. ಜಾಕೆಟ್ಟೇ ಕೊಡಿ. ಇನ್ನೂ ಒಳ್ಳೆಯದಿದ್ದರೆ ಅದನ್ನು ಕೊಡಿ. ಎಷ್ಟಾದರೂ ಆಗಲಿ."

ವ್ಯಾಪಾರಿ ಉಕ್ಕಿನ ಹಲಗೆಯನ್ನು ತೆಗೆದುಕೊಂಡು ತಕ್ಕಡಿಗೆ ಹಾಕಿದ. ಸುಮಾರು ಮೂರು ಕಿಲೋ ತೂಗಿತು.

"ಜಾಕೆಟ್ಟು ಬಿಟ್ಟು ಇದನ್ನು ಕಟ್ಟಿದಾಗ ಸೊಂಟದಿಂದ ಎಷ್ಟು ಇಳಿಸಿದೆ?"

"ಏನೂ ಇಳಿಸಲಿಲ್ಲ. ಯಾಕೆ ಇಳಿಸಬೇಕು?"

ವ್ಯಾಪಾರಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ನಿನ್ನ ಜಾಕೆಟ್ಟು ಅಗೋ, ಗೋಡೆಯ ಮೊಳೆಯಲ್ಲಿದೆ. ಅದೇ ಬೇಕೆಂದರೆ ತಗೊ. ಹಲಗೆಯೇ ಇರಲಿ ಎಂದರೆ ಇರಲಿ. ಯಾವುದಾದರೂ ನಿನ್ನನ್ನು ನಿಲ್ಲಿಸುತ್ತದೆ. ಹಣ ಬೇಡ. ಎರಡಕ್ಕೂ ಬೇರೆ ಬೇರೆ ಬೆಲೆ ಇದೆ, ಹೇಳುತ್ತೇನೆ."

ಅವನು ಬಗ್ಗಿ ಮುಳುಗುಗಾರನ ಕಿವಿಯಲ್ಲಿ ಎರಡು ಬೆಲೆಗಳನ್ನೂ ಹೇಳಿದ. ಮುಳುಗುಗಾರನ ಮುಖದ ಬಣ್ಣವೇ ಹೋಯಿತು.

"ಬೇರೆ ಏನಾದರೂ ಕೇಳಿ. ನನ್ನ ಬೈಕನ್ನು ಕೇಳಿ."

"ನಿನ್ನ ಬೈಕು ಹತ್ತಿ ನಾನೆಲ್ಲಿಗೆ ಹೋಗಲಿ? ಕೊಡುವುದಾದರೆ ಕೊಡು, ಇಲ್ಲವಾದರೆ ದಾರಿ ಬಿಡು, ಗಿರಾಕಿ ಬರುತ್ತಾರೆ."

ಮುಳುಗುಗಾರ ಹೊರಗೆ ಬಂದು, ಬೋಟುಗಳು ನಿಲ್ಲುವ ದಕ್ಕೆಯ ಕಟ್ಟೆಯ ಮೇಲೆ ಕುಳಿತ. ಬೋಟುಗಳು ಬಂದು ಮೀನು ಇಳಿಸಿ ಹೋದವು. ಹರಾಜು ಮುಗಿಯಿತು. ಅವನು ಅಲ್ಲೇ ಕುಳಿತಿದ್ದ. ಬಹಳ ಹೊತ್ತಾದ ಮೇಲೆ ಎದ್ದು ಒಳಗೆ ಹೋದ, ಕೇಳಿದ ಬೆಲೆ ಕೊಟ್ಟ, ತಿರುಗಿ ನೋಡದೆ ಬೋಟಿಗೆ ನಡೆದ.

ಮೂರನೆಯ ಪರೀಕ್ಷೆಗೆ ಬೋಟಿನವರೆಲ್ಲ ಅಂಚಿಗೆ ಬಂದು ನಿಂತಿದ್ದರು. ಅವನು ನೀರಿಗೆ ಹಾರಿದ. ವಿಂಗಿನ ಗಾಳಿಯನ್ನೆಲ್ಲ ಬಿಟ್ಟ. ಆದರೂ ಮುಳುಗಲಿಲ್ಲ.

"ಬೆಂಡು! ಬೆಂಡು!" ಎಂದು ಯಾರೋ ಕೂಗಿದರು.

ಅವನಿಗೆ ಮೊದಲ ದಿನದ ನಡುಕವೇ ಬಂತು. ಎದೆ ತುಂಬ ಉಸಿರು ನಿಂತಿತ್ತು. ಅದನ್ನು ಹಿಡಿದುಕೊಳ್ಳಲಿಲ್ಲ, ಹೊರಗೆ ಬಿಟ್ಟ. ಇನ್ನೂ ಬಿಟ್ಟ. ನೀರು ಹುಬ್ಬಿಗೆ ಬಂತು, ನೆತ್ತಿಗೆ ಬಂತು, ತಲೆಯ ಮೇಲೆ ಮುಚ್ಚಿಕೊಂಡಿತು. ಯಾರೂ ಎಳೆಯದೆ, ಯಾರೂ ತಳ್ಳದೆ ಅವನು ಇಳಿಯುತ್ತಿದ್ದ.

ಕೆಂಪು ಬಟ್ಟೆ ಕಣ್ಣಿನ ಎದುರಿಗೆ ಬಂತು. ವಿಂಗಿಗೆ ಒಂದು ಚೂರು ಗಾಳಿ ಕೊಟ್ಟ. ಬಟ್ಟೆ ಅಲ್ಲೇ ನಿಂತಿತು. ಉಸಿರೆಳೆದರೆ ಗೇಣು ಮೇಲೆ, ಬಿಟ್ಟರೆ ಗೇಣು ಕೆಳಗೆ. ಅಷ್ಟೇ. ಒಂದು ನಿಮಿಷವಾಯಿತು. ಎಲ್ಲಿಂದಲೋ ಬಂಗುಡೆಯ ಹಿಂಡು ನುಗ್ಗಿ ಬಂತು. ಅವನು ಕದಲಲಿಲ್ಲ. ಹಿಂಡು ಅವನ ಮುಂದೆ ಎರಡಾಗಿ ಸೀಳಿ, ಅವನ ಹಿಂದೆ ಒಂದಾಗಿ ಹೋಯಿತು. ಮೇಲೆ ನೀರಿಗೆ ಮುಖವಿಟ್ಟು ನೋಡುತ್ತಿದ್ದ ಮಾಲೀಕನಿಗೆ ಲೆಕ್ಕವೇ ತಪ್ಪಿತು. ಮೂರು ನಿಮಿಷ ಕಳೆದು ಐದಾಯಿತು. ಆಗ ತಲೆಯೆತ್ತಿ ಕೂಗಿದ: "ನಿಂತ ಕಣ್ರೋ! ನಿಂತೇಬಿಟ್ಟ!" ಬೋಟಿನವರು ಬೋಟಿನ ಅಂಚು ಬಡಿದು ಕೇಕೆ ಹಾಕಿದರು.

ನಾಗವೇಣಿ ಎದ್ದೇ ನಿಂತಿದ್ದಳು. "ನಿಂತನಲ್ಲ! ಹಾಗಾದರೆ ವಿಂಗೇ ಸರಿ. ಅಲ್ಲ, ಜಾಕೆಟ್ಟೂ ನಿಲ್ಲಿಸುತ್ತಿತ್ತು ಅಂತ ವ್ಯಾಪಾರಿ ಹೇಳಿದನಲ್ಲ? ಅವನು ಕೇಳಿದ ಬೆಲೆ ಏನು ಮಾಸ್ತರೇ? ಇವನು ಕೊನೆಗೆ ಕೊಟ್ಟದ್ದು ಏನು?"

ಮಾಸ್ತರರು ಹೇಳಿದರು:

"ಜಾಕೆಟ್ಟಾಗಿದ್ದರೆ ನಾಲ್ಕು ಸೀಸದ ಗಟ್ಟಿ, ಹಲಗೆಯಾದ್ದರಿಂದ ಏಳು, ಆದರೆ ತಂಗಿ, ಅವನು ಅಷ್ಟು ಹೊತ್ತು ಕಟ್ಟೆಯ ಮೇಲೆ ಕುಳಿತದ್ದು ಮೊದಲನೆಯ ಗಟ್ಟಿಯನ್ನು ಬಿಚ್ಚುವುದಕ್ಕೆ."